ಕೋಚ್ ಆಗಲು ಹೊರಟ ಗೆಳೆಯನಿಗೆ

ಪ್ರಿಯ ಗೆಳೆಯಾ,

ಬೌದ್ಧಿಕ ಅಂಗವೈಕಲ್ಯ ಇರುವ ಕ್ರೀಡಾಪಟುಗಳಿಗೆ ತರಬೇತಿ ಕೊಡಲು ಹೆಸರು ಬರೆಸಿದ್ದೀಯಂತೆ, ತುಂಬಾ ಖುಷಿಯಾಯಿತು. "ತಾಳ್ಮೆ ಇದ್ದರೆ ಸಾಕಲ್ಲವೇನೋ?" ಅಂತ ನೀನು ಕೇಳಿದ್ದೆ. ಸಾಲದು ಮಾರಾಯ. ತಾಳ್ಮೆ ಇರುವವರು ಬೇಕಾದಷ್ಟು ಜನ ಸಿಗುತ್ತಾರೆ, ಒಂದು ಜಿಗಿತವನ್ನು ಬಿಡಿಸಿ ಕಲಿಸಬಲ್ಲವರು ಕಡಿಮೆ. ನಿನ್ನ ಹಾಗೆ ಹೊರಟಿರುವ ಇನ್ನೂ ನಾಲ್ಕು ಜನಕ್ಕೆ ಉಪಯೋಗವಾಗಲಿ ಅಂತ ಎಲ್ಲರ ಮುಂದೆಯೇ ಬರೆಯುತ್ತಿದ್ದೇನೆ.

ಸ್ಟ್ಯಾಂಡಿಂಗ್ ಲಾಂಗ್ ಜಂಪ್, ಅಂದರೆ ಓಡಿ ಬರದೆ ನಿಂತಲ್ಲಿಂದಲೇ ಉದ್ದಕ್ಕೆ ಜಿಗಿಯುವುದನ್ನು, ತೆಗೆದುಕೋ. ನಿನಗೆ ಅದು ಒಂದೇ ಕೆಲಸ. ಕಲಿಯುವವರಿಗೆ ಐದು: ಗೆರೆಯ ಹಿಂದೆ ಎರಡೂ ಪಾದ ಇಡಬೇಕು, ಮಂಡಿ ಬಗ್ಗಿಸಬೇಕು, ಕೈಗಳನ್ನು ಹಿಂದಕ್ಕೆ ಒಯ್ಯಬೇಕು, ಕೈ ಬೀಸುತ್ತಲೇ ಎರಡೂ ಕಾಲಲ್ಲಿ ಚಿಮ್ಮಬೇಕು, ಎರಡೂ ಕಾಲ ಮೇಲೆ ಇಳಿಯಬೇಕು. ಮೊದಲು ಕೆಡುವುದು ಚಿಮ್ಮುವಾಗ. ಒಂದು ಕಾಲು ಮುಂಚೆ ಹೊರಟು ಜಿಗಿತ ಬರೀ ಹೆಜ್ಜೆಯಾಗಿಬಿಡುತ್ತದೆ. ಸೀಮೆಸುಣ್ಣದಲ್ಲಿ ನಿಲ್ಲುವ ಜಾಗಕ್ಕೆ ಎರಡು ಪಾದ, ಇಳಿಯುವ ಜಾಗಕ್ಕೆ ಎರಡು ಪಾದ ಬರೆ. ಅಂತರ ಮೊದಲು ಒಂದು ಗೇಣಿದ್ದರೆ ಸಾಕು, ಎರಡೂ ಕಾಲು ಒಟ್ಟಿಗೆ ಏಳುವುದು ಅಭ್ಯಾಸವಾದ ಮೇಲೆ ಹೆಚ್ಚಿಸು. ಎರಡನೆಯದು ಇಳಿಯುವಾಗ ಹಿಂದಕ್ಕೆ ಬಿದ್ದು ಕೈ ಊರುವುದು. ದೂರವನ್ನು ಅಳೆಯುವುದು ಗೆರೆಗೆ ಅತಿ ಹತ್ತಿರದ ಗುರುತಿನಿಂದ, ಹಾಗಾಗಿ ಕೈ ಊರಿದರೆ ಒಳ್ಳೆಯ ಜಿಗಿತವೂ ಕುಗ್ಗುತ್ತದೆ. "ಬೀಳಬೇಡಿ" ಅನ್ನಬೇಡ. "ಇಳಿದು ಮುಂದೆ ನಡೆಯಿರಿ" ಅನ್ನು. ಏನು ಮಾಡಬಾರದು ಅಂತ ಕೇಳಿ, ಹಾಗಾದರೆ ಏನು ಮಾಡಬೇಕು ಅಂತ ಅವರೇ ಲೆಕ್ಕ ಹಾಕಬೇಕಾದರೆ ಅಲ್ಲೇ ದಾರಿ ತಪ್ಪುತ್ತದೆ.

ಒಂದು ಸಲಕ್ಕೆ ಒಂದೇ ಸೂಚನೆ, ಮೂರು ನಾಲ್ಕು ಪದ. ಆಮೇಲೆ ಬಾಯಿ ಮುಚ್ಚಿ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸು. ಹೊಸ ಕೋಚ್‌ಗಳೆಲ್ಲ ಎಡವುವುದು ಇಲ್ಲೇ. ಉತ್ತರ ಬರಲಿಲ್ಲವೆಂದು ಅದೇ ಮಾತನ್ನು ಬೇರೆ ಪದಗಳಲ್ಲಿ ಹೇಳುತ್ತಾರೆ. ಕೇಳುವವರಿಗೆ ಅದು ಹೊಸ ಮಾತು, ಅರ್ಥ ಮಾಡಿಕೊಳ್ಳುವ ಕೆಲಸ ಮತ್ತೆ ಮೊದಲಿನಿಂದ ಶುರು. ಮತ್ತೆ ಹೇಳಲೇಬೇಕಾದರೆ ಅದೇ ಪದಗಳನ್ನು ಅದೇ ಕ್ರಮದಲ್ಲಿ ಹೇಳು. ಮಾಡಿ ತೋರಿಸುವಾಗ ಎದುರು ನಿಲ್ಲಬೇಡ, ಎಡಬಲ ಅದಲುಬದಲಾಗುತ್ತದೆ. ಅವರ ಪಕ್ಕದಲ್ಲಿ, ಅವರು ನೋಡುವ ದಿಕ್ಕಿಗೇ ಮುಖ ಮಾಡಿ ನಿಲ್ಲು.

50 ಮೀಟರ್ ಓಟದಲ್ಲಿ ಬಹಳ ಜನ ಕೊನೆಯ ಗೆರೆಗೆ ಮುಂಚೆಯೇ ವೇಗ ಇಳಿಸುತ್ತಾರೆ, ಏಕೆಂದರೆ "ಗೆರೆಯ ತನಕ ಓಡು" ಅಂದಿರುತ್ತೇವೆ. ಗೆರೆ ದಾಟಿ ಐದು ಮೀಟರ್ ಆಚೆ ಒಂದು ಕೋನ್ ಇಟ್ಟು ಅದರ ತನಕ ಓಡಲು ಹೇಳು. ಓಟ ಶುರುವಾಗುವ ಗುಂಡಿನ ಸದ್ದಿಗೆ ಕಿವಿ ಮುಚ್ಚಿ ನಿಂತುಬಿಡುವವರೂ ಇರುತ್ತಾರೆ. ಎರಡು ಮರದ ತುಂಡುಗಳ ಸದ್ದನ್ನು ದೂರದಿಂದ ಶುರುಮಾಡಿ, ವಾರ ಕಳೆದಂತೆ ಹತ್ತಿರ ತಾ. ಸ್ಪರ್ಧೆಯ ದಿನವೇ ಆ ಸದ್ದನ್ನು ಮೊದಲ ಸಲ ಕೇಳಿಸುವುದು ಅನ್ಯಾಯ.

ಇನ್ನು ಸುರಕ್ಷತೆ, ಇದರಲ್ಲಿ ರಾಜಿ ಬೇಡ. ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಇರುವ ಒಂದು ವರ್ಣತಂತು ವ್ಯತ್ಯಾಸ) ಇರುವ ಕೆಲವರಲ್ಲಿ ಕುತ್ತಿಗೆಯ ಮೇಲ್ತುದಿಯ ಎರಡು ಮೂಳೆಗಳ ನಡುವಿನ ಬಿಗಿ ಸಡಿಲವಾಗಿರುತ್ತದೆ. ಕುತ್ತಿಗೆ ನೋವು, ನಡಿಗೆಯಲ್ಲಿ ಬದಲಾವಣೆ, ಕೈಕಾಲಲ್ಲಿ ಹೊಸ ನಿತ್ರಾಣ, ಮೂತ್ರದ ಹಿಡಿತ ತಪ್ಪುವುದು, ಇವುಗಳಲ್ಲಿ ಒಂದು ಕಂಡರೂ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಡೌನ್ ಸಿಂಡ್ರೋಮ್ ಇರುವವರ ಗರಿಷ್ಠ ಹೃದಯ ಬಡಿತ ಸಾಮಾನ್ಯವಾಗಿ ಕಡಿಮೆ. 220ರಿಂದ ವಯಸ್ಸು ಕಳೆಯುವ ಲೆಕ್ಕ ಅವರಿಗೆ ಹೊಂದುವುದಿಲ್ಲ. ಮೂರ್ಛೆ (ಫಿಟ್ಸ್) ಬಂದರೆ ಮೊದಲು ಗಡಿಯಾರ ನೋಡು. ತಲೆಗೆ ಪೆಟ್ಟಾಗದಂತೆ ಕೆಳಗೆ ಮೆತ್ತಗಿನದ್ದೇನಾದರೂ ಇಟ್ಟು ಪಕ್ಕಕ್ಕೆ ಹೊರಳಿಸು, ಬಾಯಿಗೆ ಏನೂ ತುರುಕಬೇಡ. ಐದು ನಿಮಿಷ ದಾಟಿದರೆ ಆಂಬುಲೆನ್ಸ್. ನೋವನ್ನಾಗಲಿ ಬಾಯಾರಿಕೆಯನ್ನಾಗಲಿ ಎಲ್ಲರೂ ಬಾಯಿಬಿಟ್ಟು ಹೇಳುವುದಿಲ್ಲ. ಅದಕ್ಕೇ ನೀರಿಗೆ ಹೊತ್ತು ಗೊತ್ತುಮಾಡು, ನಡಿಗೆಯ ಮೇಲೆ ಕಣ್ಣಿಡು.

ಸ್ಪೆಷಲ್ ಒಲಿಂಪಿಕ್ಸ್ ನಿಯಮಗಳನ್ನು ಓದಿಕೋ. 1968ರಲ್ಲಿ ಷಿಕಾಗೋದಲ್ಲಿ ಮೊದಲ ಅಂತರರಾಷ್ಟ್ರೀಯ ಕೂಟ ನಡೆದ, ಬೌದ್ಧಿಕ ಅಂಗವೈಕಲ್ಯ ಇರುವವರ ಕ್ರೀಡಾ ಆಂದೋಲನ ಅದು. ವಯಸ್ಸು, ಲಿಂಗ, ಸಾಮರ್ಥ್ಯ ನೋಡಿ ಸಮಬಲದವರನ್ನು ಒಂದು ಗುಂಪು ಮಾಡುತ್ತಾರೆ. ಒಂದು ಗುಂಪಿನಲ್ಲಿ ಸಾಮಾನ್ಯವಾಗಿ ಮೂವರಿಂದ ಎಂಟು ಮಂದಿ. ಪ್ರಾಥಮಿಕ ಸುತ್ತಿನಲ್ಲಿ ನಿಧಾನವಾಗಿ ಓಡಿಸಿ ದುರ್ಬಲ ಗುಂಪಿಗೆ ಸೇರಿಸುವ ಕೋಚ್‌ಗಳ ಆಟ ನಡೆಯದಿರಲಿ ಅಂತ, ಫೈನಲ್‌ನಲ್ಲಿ ಸಾಧನೆ ಮಿತಿ ಮೀರಿ ಏರಿದರೆ ಅನರ್ಹಗೊಳಿಸುವ ನಿಯಮವಿದೆ. ಇದು ನನಗೆ ತುಂಬಾ ಸರಿ ಕಾಣುತ್ತದೆ. ಪೂರ್ತಿ ಶಕ್ತಿ ಹಾಕಿ ಓಡಿ ಅಂತ ಕಲಿಸಿದ ಬಾಯಲ್ಲೇ ಇವತ್ತು ನಿಧಾನ ಓಡಿ ಅಂದರೆ, ಅವರು ಇನ್ನು ಯಾವ ಮಾತನ್ನು ನಂಬಬೇಕು?

ಇಷ್ಟಕ್ಕೇ ಮುಗಿಸೋಣ ಅಂದುಕೊಂಡಿದ್ದೆ. ಆದರೆ ಈಚೆಗೆ ಒಂದು ವಿಷಯ ಕಾಡುತ್ತಿದೆ, ಹೇಳದೆ ಇರಲಾರೆ. ಪ್ರತಿ ಪ್ರಯತ್ನದ ಮುಂದೆ ಎಷ್ಟು ದೂರ, ಎಷ್ಟು ಸಮಯ ಅಂತ ಎಲ್ಲರೂ ಬರೆಯುತ್ತಾರೆ. ಯಾವ ಸಹಾಯದಿಂದ ಆಯಿತು ಅಂತಲೂ ಬರೆ: ಹಿಡಿದು ಮಾಡಿಸಿದ್ದು, ಮುಟ್ಟಿ ಸೂಚಿಸಿದ್ದು, ಮಾಡಿ ತೋರಿಸಿದ್ದು, ಬಾಯಲ್ಲಿ ಹೇಳಿದ್ದು, ತಾವೇ ಮಾಡಿದ್ದು. ದೂರ ಹೆಚ್ಚುತ್ತಲೇ ಇದ್ದು 'ತಾವೇ' ಅನ್ನುವ ಕಾಲಮ್ ಮಾತ್ರ ತಿಂಗಳುಗಟ್ಟಲೆ ಖಾಲಿ ಉಳಿಯಬಹುದು. ಆಗ ಅವರು ಕಲಿತಿರುವುದು ಜಿಗಿತವನ್ನಲ್ಲ, ಕೋಚ್ ಮುಖ ನೋಡುವುದನ್ನು. ಮೊಣಕೈ ಹಿಡಿಯುತ್ತಿದ್ದರೆ ಬರೀ ಮುಟ್ಟು, ಆಮೇಲೆ ಬೆರಳು ತೋರಿಸು, ಆಮೇಲೆ ಎರಡು ಹೆಜ್ಜೆ ಹಿಂದೆ ಸರಿ, ಕೊನೆಗೆ ಅವರ ಕಣ್ಣಿಗೆ ಬೀಳದ ಜಾಗಕ್ಕೆ ಹೋಗು. ಮೂರು ಸಲ ತಪ್ಪಿದರೆ ಒಂದೇ ಮೆಟ್ಟಿಲು ವಾಪಸ್ ಬಾ, ಶುರುವಿಗೇ ಬರಬೇಡ.

ವಿಧಾನ ಸುಲಭ. ಕಷ್ಟ ಇರುವುದು ನಮ್ಮೊಳಗೆ. ಮೂವತ್ತು ದಾಟಿದವರನ್ನು 'ಪುಟ್ಟಾ' ಅಂತ ಕರೆಯುವ, ಕೆಟ್ಟ ಜಿಗಿತಕ್ಕೂ ಚಪ್ಪಾಳೆ ತಟ್ಟುವ ಪ್ರೀತಿಯಲ್ಲಿ ಅವರು ಬೆಳೆಯುವುದು ಬೇಡ ಅನ್ನುವ ಆಸೆಯೂ ಸೇರಿರುತ್ತದೆಯೇನೋ. ಒಬ್ಬರು ನನ್ನ ಕಡೆ ತಿರುಗಿಯೂ ನೋಡದೆ ಓಡಿ ಗೆರೆ ದಾಟಿದಾಗ ಎದೆ ತುಂಬಿ ಬರುತ್ತದೆ, ನಿಜ. ಅದರ ಜೊತೆಗೇ ಏನೋ ಕಳೆದುಕೊಂಡ ಸಂಕಟವೂ ಆಗುತ್ತದೆ. ಅವರಿಗೆ ನಾನು ಬೇಕಾಗಿದ್ದೆನೋ, ನನಗೆ ಅವರು ಬೇಕಾಗಿದ್ದರೋ ಅಂತ ಕೇಳಿಕೊಂಡರೆ ಉತ್ತರ ಹೇಳಲು ಭಯವಾಗುತ್ತದೆ.

ಇಷ್ಟೆಲ್ಲ ಬರೆಯಬೇಕೆಂದಿರಲಿಲ್ಲ. ಇರಲಿ ಬಿಡು. ಮೊದಲ ದಿನ ಅಳತೆ ಟೇಪು, ಸ್ಟಾಪ್‌ವಾಚ್, ಸೀಮೆಸುಣ್ಣ, ಎಲ್ಲರ ವೈದ್ಯಕೀಯ ವಿವರಗಳ ಪ್ರತಿ ತೆಗೆದುಕೊಂಡು ಬಾ. ನಾಲ್ಕು ಜನಕ್ಕಿಂತ ಹೆಚ್ಚು ಮಂದಿಯನ್ನು ಒಬ್ಬನೇ ವಹಿಸಿಕೊಳ್ಳಬೇಡ, ಎಷ್ಟೇ ಒತ್ತಾಯ ಮಾಡಿದರೂ. ನಿನ್ನ ಆ ನೀಲಿ ವಿಷಲ್ ಮಾತ್ರ ದಯವಿಟ್ಟು ಮನೆಯಲ್ಲೇ ಬಿಟ್ಟು ಬಾ. ಯಾಕೆ ಅಂತ ನಿನಗೂ ಗೊತ್ತು, ಮೇಷ್ಟ್ರಿಗೂ ಗೊತ್ತು.

ನಿನ್ನ,
ಹಳೇ ಲೇನ್ ಐದು