ಬ್ರಿಗೇಡಿಯರ್ ಉಸ್ಮಾನ್ ಅವರ ಹೆಸರಿಡಲು ಇನ್ನೆಷ್ಟು ವರ್ಷ? ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ಬೆಂಗಳೂರಿನ ನಮ್ಮ ಬಡಾವಣೆಯ ಉದ್ಯಾನಕ್ಕೆ, 1948ರಲ್ಲಿ ಪಾಕಿಸ್ತಾನದೊಂದಿಗಿನ ಕಾಶ್ಮೀರ ಯುದ್ಧದಲ್ಲಿ ಮಡಿದ ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ ಅವರ ಹೆಸರಿಡಬೇಕೆಂದು ನಾನು ಮೊದಲ ಅರ್ಜಿ ಕೊಟ್ಟು 11 ವರ್ಷಗಳಾದವು. ಆಮೇಲೆ ಇನ್ನೆರಡು ಅರ್ಜಿ ಬರೆದೆ. ಮೂರಕ್ಕೂ ಸ್ವೀಕೃತಿ ಚೀಟಿ ನನ್ನ ಬಳಿ ಇದೆ, ಉತ್ತರ ಒಂದಕ್ಕೂ ಇಲ್ಲ. ನಾಮಕರಣದ ಪ್ರಸ್ತಾವ ಹೇಗೆ ಮಂಡನೆಯಾಗಬೇಕು, ಸಾರ್ವಜನಿಕರ ಆಕ್ಷೇಪಣೆಯನ್ನು ಹೇಗೆ ಕರೆಯಬೇಕು ಎಂಬುದು ತಮಗೆ ತಿಳಿದೇ ಇದೆ. ಆ ಕ್ರಮವನ್ನು ಆರಂಭಿಸಿ ಎಂಬುದಷ್ಟೇ ನನ್ನ ಬೇಡಿಕೆ.

ನಾನು ಪ್ಯಾರಾಶೂಟ್ ರೆಜಿಮೆಂಟಿನಲ್ಲಿ 24 ವರ್ಷ ದುಡಿದು ನಿವೃತ್ತನಾದ ಸುಬೇದಾರ್. ವಿಮಾನದಿಂದ ಜಿಗಿದು ಜಿಗಿದು ಎರಡೂ ಮಂಡಿಗಳು ಸವೆದಿವೆ. ಅರ್ಜಿಯ ಗತಿ ವಿಚಾರಿಸಲು ಹೋದಾಗಲೆಲ್ಲ ಅದನ್ನು ಕೊಟ್ಟ ಕಚೇರಿಯ ಎರಡು ಮಹಡಿಗಳನ್ನು ಕಂಬಿ ಹಿಡಿದು, ಮೆಟ್ಟಿಲು ಮೆಟ್ಟಿಲಿಗೂ ನಿಂತು ಹತ್ತಿದ್ದೇನೆ. ಸಾಹೇಬರು ಸಭೆಯಲ್ಲಿದ್ದಾರೆ, ಕಡತ ಬೇರೆ ವಿಭಾಗಕ್ಕೆ ಹೋಗಿದೆ, ಮುಂದಿನ ವಾರ ಬನ್ನಿ ಎಂಬ ಮಾತುಗಳನ್ನು ಕೇಳಿ ಮತ್ತೆ ಅಷ್ಟೇ ಮೆಟ್ಟಿಲು ಇಳಿದಿದ್ದೇನೆ. ಅದನ್ನೆಲ್ಲ ಸಹಿಸಿಕೊಂಡೆ. ಕಳೆದ ತಿಂಗಳು ನಡೆದದ್ದನ್ನು ಮಾತ್ರ ಸಹಿಸಲಾಗಲಿಲ್ಲ, ಅದಕ್ಕೇ ಈ ಪತ್ರ.

ಅಂದು ಕಡತ ಸಿಕ್ಕಿತ್ತು. ಸಿಬ್ಬಂದಿಯೊಬ್ಬರು ಅದನ್ನು ತೆರೆದು, ಹೆಸರು ಓದಿ, ನನ್ನ ಮುಖ ನೋಡಿ, ದನಿ ತಗ್ಗಿಸಿ ಹೇಳಿದರು: "ಈ ಹೆಸರಿಟ್ಟರೆ ಸುಮ್ಮನೆ ಗಲಾಟೆಯಾಗುತ್ತದೆ ಸಾರ್. ಮಿಲಿಟರಿಯಲ್ಲಿ ನಿಮಗೆ ಬೇರೆ ಯಾರ ಹೆಸರೂ ಸಿಗಲಿಲ್ಲವೇ?" ನಾನು ನಿಂತಲ್ಲೇ ನಿಂತೆ. ಜಿಗಿತಕ್ಕೆ ಮುನ್ನ ನನ್ನ ಪ್ಯಾರಾಶೂಟಿನ ಕಟ್ಟುಗಳನ್ನು ಪರೀಕ್ಷಿಸುತ್ತಿದ್ದ ಜೊತೆಗಾರನ ಧರ್ಮ ಯಾವುದೆಂದು ಒಂದು ದಿನವೂ ಕೇಳದ ನನಗೆ, ಆ ಪ್ರಶ್ನೆಗೆ ಏನು ಉತ್ತರ ಕೊಡಬೇಕೆಂದೇ ತೋಚಲಿಲ್ಲ.

ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ. ದೇಶ ವಿಭಜನೆಯಾದಾಗ ಉಸ್ಮಾನ್ ಅವರಿದ್ದ ಬಲೂಚ್ ರೆಜಿಮೆಂಟ್ ಪಾಕಿಸ್ತಾನದ ಪಾಲಾಯಿತು. ಅಲ್ಲಿಗೆ ಹೋಗಿದ್ದರೆ ದೊಡ್ಡ ಹುದ್ದೆ ಕಾದಿತ್ತು. ಅವರು ಹೋಗಲಿಲ್ಲ. ಗಲಾಟೆಯ ಭಯವಿದ್ದವರು ಆರಿಸಿಕೊಳ್ಳುವ ದಾರಿ ಅದಲ್ಲ. 1947ರ ಡಿಸೆಂಬರಿನಲ್ಲಿ ಜಮ್ಮು ಪ್ರಾಂತ್ಯದ ಝಂಗರ್ ಎಂಬ ಊರು ಶತ್ರುವಿನ ವಶವಾದಾಗ, ಅದನ್ನು ಮರಳಿ ಪಡೆಯುವವರೆಗೆ ಮಂಚದ ಮೇಲೆ ಮಲಗುವುದಿಲ್ಲ ಎಂದು 50ನೇ ಪ್ಯಾರಾಶೂಟ್ ಬ್ರಿಗೇಡಿನ ಈ ದಂಡನಾಯಕ ಪಣ ತೊಟ್ಟರು. ಆ ಗುಡ್ಡಗಳ ಚಳಿಯಲ್ಲಿ ನೆಲದ ಮೇಲೆ ಚಾಪೆ ಹಾಸಿಕೊಂಡೇ ಮಲಗಿದರು. 1948ರ ಫೆಬ್ರುವರಿ 6ರಂದು ಅದೇ ಪ್ರಾಂತ್ಯದ ನೌಶೇರಾದ ಮೇಲೆ ಶತ್ರುಗಳು ಸಾವಿರಾರು ಮಂದಿ ಮುಗಿಬಿದ್ದಾಗ ಅವರ ಬ್ರಿಗೇಡ್ ಆ ಊರನ್ನು ಉಳಿಸಿಕೊಂಡಿತು, ಅವರಿಗೆ 'ನೌಶೇರಾದ ಸಿಂಹ' ಎಂಬ ಹೆಸರು ಬಂತು, ಅವರ ತಲೆಗೆ 50,000 ರೂಪಾಯಿ ಬಹುಮಾನವೂ ಘೋಷಣೆಯಾಯಿತು. ಮಾರ್ಚಿನಲ್ಲಿ ಝಂಗರ್ ಕೈಗೆ ಬಂದ ಮೇಲೆಯೇ ಅವರಿಗಾಗಿ ಮಂಚ ತರಿಸಿದ್ದು.

ಆ ಮಂಚದ ಸುಖ ಹೆಚ್ಚು ದಿನ ಇರಲಿಲ್ಲ. ಜುಲೈ 3ರಂದು ಅದೇ ಝಂಗರ್‌ನಲ್ಲಿ ಫಿರಂಗಿಯ ಗುಂಡೊಂದು ಅವರ ಪಕ್ಕದಲ್ಲೇ ಸಿಡಿಯಿತು. 36 ತುಂಬಲು ಇನ್ನು 12 ದಿನಗಳಿದ್ದವು. ದೆಹಲಿಯಲ್ಲಿ ನಡೆದ ಅಂತ್ಯಕ್ರಿಯೆಗೆ ಪ್ರಧಾನಿ ನೆಹರೂ ಅವರೇ ಬಂದಿದ್ದರು. ಮರಣೋತ್ತರವಾಗಿ ಸಂದ ಮಹಾವೀರ ಚಕ್ರ, ಯುದ್ಧಭೂಮಿಯ ಶೌರ್ಯಕ್ಕೆ ನಮ್ಮ ದೇಶ ಕೊಡುವ ಎರಡನೆಯ ಅತ್ಯುನ್ನತ ಪದಕ. ಗಣರಾಜ್ಯವೇ ಒಪ್ಪಿ ಗೌರವಿಸಿದ ಹೆಸರನ್ನು ನಮ್ಮ ಬಡಾವಣೆಯ ನಾಲ್ಕು ಕಲ್ಲುಬೆಂಚುಗಳ ಉದ್ಯಾನ ಒಪ್ಪುವುದಿಲ್ಲವೆಂದು ತೀರ್ಮಾನಿಸಲು ಆ ಕಚೇರಿಗೆ ಅಧಿಕಾರ ಕೊಟ್ಟವರು ಯಾರು ಸ್ವಾಮಿ?

2020ರ ಡಿಸೆಂಬರಿನಲ್ಲಿ ದೆಹಲಿಯ ಅವರ ಸಮಾಧಿಯ ಕಲ್ಲು ಒಡೆದಿರುವ ಚಿತ್ರ ಪತ್ರಿಕೆಗಳಲ್ಲಿ ಬಂದಿತ್ತು. ಸೇನೆಯೇ ಮುಂದೆ ನಿಂತು ಅದನ್ನು ದುರಸ್ತಿ ಮಾಡಿಸಿತು. ಅಂದು ರಾತ್ರಿ ನನಗೆ ಊಟ ಸೇರಲಿಲ್ಲ. ಒಡೆದ ಕಲ್ಲನ್ನು ಕೂಡಿಸುವುದು ಸೇನೆಗೆ ಗೊತ್ತು, ಒಂದು ಹೊಸ ಕಲ್ಲು ನೆಡುವುದು ನಮ್ಮಿಂದ ಆಗಲಿಲ್ಲವಲ್ಲ ಎಂದು ನೊಂದುಕೊಂಡೆ.

ಉಸ್ಮಾನ್ ನಮ್ಮ ಊರಿನವರಲ್ಲ ಎಂದೂ ಒಮ್ಮೆ ಹೇಳಿ ಕಳುಹಿಸಿದ್ದರು. ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಇರುವುದು ಇದೇ ಬೆಂಗಳೂರಿನಲ್ಲಿ. ಅಲ್ಲಿ ಪಳಗಿದ ಹುಡುಗರು ಕಾಯುವುದು ತಮ್ಮ ಊರನ್ನಷ್ಟೇ ಅಲ್ಲ. ಉಸ್ಮಾನ್ ಹುಟ್ಟಿದ್ದು ಉತ್ತರ ಪ್ರದೇಶದ ಆಜಂಗಢದ ಕಡೆ, ಪ್ರಾಣ ಬಿಟ್ಟದ್ದು ಝಂಗರ್‌ನಲ್ಲಿ. ಎರಡೂ ಅವರಿಗೆ ಬೇರೆ ಊರುಗಳಾಗಿರಲಿಲ್ಲ.

ಉದ್ಯಾನಕ್ಕೆ ಅವರ ಹೆಸರಿಡಿ. ಬಾಗಿಲ ಬಳಿ ಒಂದು ಕಲ್ಲು ನೆಟ್ಟು, ಅವರು ಯಾರು, ಎಲ್ಲಿ ಹೋರಾಡಿದರು, ಯಾವ ದಿನ ಮಡಿದರು ಎಂದು ಕನ್ನಡದಲ್ಲಿ ಕೆತ್ತಿಸಿ. ಕಲ್ಲಿನ ವೆಚ್ಚವನ್ನು ನನ್ನ ಪಿಂಚಣಿಯಿಂದ ಕೊಡುತ್ತೇನೆಂದು ಎರಡನೆಯ ಅರ್ಜಿಯಲ್ಲೇ ಬರೆದಿದ್ದೇನೆ. ಆಗುವುದಿಲ್ಲವೆಂದಾದರೆ ಕಾರಣವನ್ನು ಬರವಣಿಗೆಯಲ್ಲಿ, ಸಹಿ ಹಾಕಿ ಕೊಡಿಸಿ. ದನಿ ತಗ್ಗಿಸಿ ಹೇಳಿದ ಮಾತನ್ನು ನಾನು ಉತ್ತರವೆಂದು ಸ್ವೀಕರಿಸುವುದಿಲ್ಲ. ಮುಂದಿನ ಜುಲೈ 3ರೊಳಗೆ ಉದ್ಯಾನಕ್ಕೆ ಅವರ ಹೆಸರಿಡಿ.

ಇಂತಿ,
ತಮ್ಮ ಕ್ಷೇತ್ರದ ಮತದಾರ,
ಒಬ್ಬ ನಿವೃತ್ತ ಸುಬೇದಾರ್