ಹೊಲಿಗೆಗೆ ನೀರು ಸೋಕಿದರೆ ಕೀವಾಗದು

ಮಾನ್ಯರೇ,

ಹೊಲಿಗೆ ಬಿಚ್ಚುವವರೆಗೆ ಗಾಯಕ್ಕೆ ನೀರು ಸೋಕಿಸಬಾರದು ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಒಣಗಿರಬೇಕಾದದ್ದು ಸಾಮಾನ್ಯವಾಗಿ ಮೊದಲ 24ರಿಂದ 48 ಗಂಟೆ. ಆಮೇಲೆ, ವೈದ್ಯರು ಬೇಡ ಎಂದಿರದಿದ್ದರೆ, ಕೈ ತೊಳೆದುಕೊಂಡು ದಿನಕ್ಕೊಮ್ಮೆ ಸೋಪಿನ ನೊರೆ, ಶುದ್ಧ ನೀರಿನಿಂದ ಮೆಲ್ಲಗೆ ತೊಳೆದು, ಉಜ್ಜದೆ, ಒಗೆದ ಬಟ್ಟೆಯಿಂದ ಒತ್ತಿ ಒರೆಸಬಹುದು. ದಾರದ ಸುತ್ತ ರಕ್ತ ಗಟ್ಟಿಯಾಗಿ ಕೂತರೆ ಬಿಚ್ಚುವಾಗ ನೋವು ಹೆಚ್ಚು. ಆದರೆ ನೆನೆಸಬೇಡಿ; ಕೆರೆಯ ಈಜು, ಬಕೆಟ್ಟಿನಲ್ಲಿ ಕಾಲಿಟ್ಟು ಕೂರುವುದು ಸದ್ಯಕ್ಕಿಲ್ಲ.

ಅರಿಸಿನ, ಕಾಫಿಪುಡಿ ಮೆತ್ತಿದರೆ ಗಾಯದೊಳಗೆ ಕೊಳೆ ಸೇರುತ್ತದೆ, ಕೆಂಪೇರಿದ್ದೂ ಕಾಣುವುದಿಲ್ಲ. ನೀರು ಬೆರೆಸದ ಡೆಟಾಲ್ ಎಳೆ ಚರ್ಮವನ್ನು ಸುಡುತ್ತದೆ. ಇನ್ನು 'ನಂಜು' ಎಂದು ಮೊಟ್ಟೆ, ಬೇಳೆ ಬಿಡಿಸುವ ಪಥ್ಯವಂತೂ ತಲೆಕೆಳಗು: ಗಾಯ ಕೂಡಲು ಬೇಕಾದದ್ದೇ ಆ ಪ್ರೋಟೀನು.

ಮುಖದ ಹೊಲಿಗೆಯನ್ನು ಸುಮಾರು 5 ದಿನಕ್ಕೆ, ತಲೆಯದನ್ನು 7ರಿಂದ 10, ಕಾಲು ಮತ್ತು ಕೀಲಿನ ಮೇಲಿನದನ್ನು 10ರಿಂದ 14 ದಿನಕ್ಕೆ ಬಿಚ್ಚುತ್ತಾರೆ. ತಡಮಾಡಿದರೆ ದಾರದ ಗುರುತು ಉಳಿಯುತ್ತದೆ; ಮನೆಯ ಬ್ಲೇಡಿನಿಂದ ಮೊದಲೇ ಕತ್ತರಿಸಿದರೆ ಗಾಯ ಬಾಯಿ ಬಿಡುತ್ತದೆ. ರಕ್ತ ಜಿನುಗಿದರೆ ಶುಭ್ರ ಬಟ್ಟೆಯಿಂದ 10 ನಿಮಿಷ, ನಡುವೆ ಎತ್ತಿ ನೋಡದೆ, ಒತ್ತಿಹಿಡಿಯಿರಿ. ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ.

ಅಂಚಿನ ತುಸು ಕೆಂಪು ಸಹಜ. ಎರಡು ದಿನದ ನಂತರ ನೋವು ಏರುತ್ತಿದ್ದರೆ, ಕೆಂಪು ಹರಡಿದರೆ, ಕೀವು, ದುರ್ವಾಸನೆ, ಜ್ವರ ಕಂಡರೆ ಬಿಚ್ಚುವ ದಿನಕ್ಕೆ ಕಾಯಬೇಡಿ. ಸಕ್ಕರೆ ಕಾಯಿಲೆಯವರಿಗೆ ನೋವೇ ತಿಳಿಯದಿರಬಹುದು. ಅವರ ಕಾಲಿನ ಗಾಯವನ್ನು ಮನೆಯವರು ದಿನವೂ ಕಣ್ಣಾರೆ ನೋಡಬೇಕು.

– ಶುಶ್ರೂಷಕಿಯರು, ಹಾಸನ