ಮಲೆನಾಡಿಗೊಂದು ಪಕ್ಷಿ ಉಂಗುರ ಕೇಂದ್ರ ಬೇಕು

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿಯುತ್ತ ಬಂದಂತೆ ಬೂದು ಸಿಪಿಲೆಗಳೂ ಅವುಗಳ ಬೆನ್ನಿಗೇ ಪುಟ್ಟ ಉಲಿಯಕ್ಕಿಗಳೂ ಹಿಮಾಲಯದಿಂದ, ಅದರಾಚೆಯ ನಾಡುಗಳಿಂದ ನಮ್ಮ ಹಳ್ಳ, ತೋಟ, ಕಾಡಂಚುಗಳಿಗೆ ಬಂದಿಳಿಯುತ್ತವೆ. ಹವ್ಯಾಸಿ ವೀಕ್ಷಕರು ಅವುಗಳನ್ನು ಶ್ರದ್ಧೆಯಿಂದ ಎಣಿಸಿ ದಾಖಲಿಸುತ್ತಿದ್ದಾರೆ. ಆದರೆ ಹೋದ ವರ್ಷ ಇದೇ ತೋಟದಲ್ಲಿದ್ದ ಹಕ್ಕಿಯೇ ಮರಳಿ ಬಂದಿದೆಯೇ, ಅದು ಎಷ್ಟು ವರ್ಷ ಬದುಕುತ್ತದೆ ಎಂಬುದು ಎಣಿಕೆಯಿಂದ ತಿಳಿಯುವುದಿಲ್ಲ. ಎಂಟು ಹತ್ತು ಗ್ರಾಂ ತೂಗುವ ಹಕ್ಕಿ ಉಪಗ್ರಹ ಸಾಧನದ ಭಾರವನ್ನು ಹೊರಲಾರದು. ಡೆನ್ಮಾರ್ಕಿನ ಶಿಕ್ಷಕ ಮಾರ್ಟೆನ್ಸನ್ 1899ರಲ್ಲಿ ಕಬ್ಬಕ್ಕಿ ಜಾತಿಯ ಸ್ಟಾರ್ಲಿಂಗ್‌ಗಳ ಕಾಲಿಗೆ ತೊಡಿಸಿದಂತಹ, ಸಂಖ್ಯೆ ಕೊರೆದ ಹಗುರ ಅಲ್ಯೂಮಿನಿಯಂ ಉಂಗುರವೇ ಇಂದಿಗೂ ಇವುಗಳ ಅಧ್ಯಯನಕ್ಕೆ ಮುಖ್ಯ ಆಧಾರ.

ಭಾರತದಲ್ಲಿ ಈ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಲು ನಮ್ಮ ಶಿವಮೊಗ್ಗ ಜಿಲ್ಲೆಯೇ ಒಂದು ಕಾರಣವೆಂಬುದು ಇಲ್ಲಿ ಹಲವರಿಗೆ ತಿಳಿದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನರೂ ಜ್ವರಕ್ಕೆ ಬಲಿಯಾದಾಗ, ಅದರ ವೈರಾಣು ರಷ್ಯಾದ ಮಿದುಳು ಜ್ವರದ ವೈರಾಣುವನ್ನು ಹೋಲುತ್ತಿದ್ದುದರಿಂದ, ಉತ್ತರದಿಂದ ಬರುವ ವಲಸೆ ಹಕ್ಕಿಗಳು ಉಣುಗುಗಳ ಮೂಲಕ ಅದನ್ನು ತಂದಿರಬಹುದೇ ಎಂಬ ಶಂಕೆ ಮೂಡಿತು. ಅದರ ಹಿನ್ನೆಲೆಯಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1959ರಲ್ಲಿ ವಲಸೆ ಅಧ್ಯಯನವನ್ನು ಕೈಗೆತ್ತಿಕೊಂಡಿತು. ಹಕ್ಕಿಗಳ ಮೇಲಿನ ಆ ಶಂಕೆ ದೃಢಪಡಲಿಲ್ಲ, ಆದರೆ ದೇಶದ ವಲಸೆ ಹಕ್ಕಿಗಳ ಕುರಿತ ನಮ್ಮ ತಿಳಿವಳಿಕೆಗೆ ಆ ಉಂಗುರಗಳೇ ಅಡಿಪಾಯ ಹಾಕಿದವು. ಇಂತಹ ಚರಿತ್ರೆಯಿರುವ ಮಲೆನಾಡಿನಲ್ಲಿ ಪ್ರತಿ ವರ್ಷ ಸೆಪ್ಟೆಂಬರಿನಿಂದ ನವೆಂಬರಿನವರೆಗೆ ತಪ್ಪದೆ ಕೆಲಸ ಮಾಡುವ ಶಾಶ್ವತ ಕೇಂದ್ರವೊಂದು ಇರಲೇಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಉಂಗುರ ತೊಡಿಸಲು ಹಕ್ಕಿ ಹಿಡಿಯುವ ಬಲೆ ಕಂಡಾಗ ಬೇಟೆಯೆಂದು ಜನ ಆತಂಕಪಡುವುದು ಸಹಜ, ಆ ಎಚ್ಚರ ಒಳ್ಳೆಯದೇ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅನುಮತಿಯಿಲ್ಲದೆ ಯಾರೂ ಹಕ್ಕಿ ಹಿಡಿಯುವಂತಿಲ್ಲ. ತರಬೇತಿ ಪಡೆದವರು ಬಲೆಯನ್ನು ಮತ್ತೆ ಮತ್ತೆ ನೋಡಿ, ಸಿಕ್ಕ ಹಕ್ಕಿಯನ್ನು ಬಟ್ಟೆಯ ಚೀಲದಲ್ಲಿಟ್ಟು, ರೆಕ್ಕೆಯ ಉದ್ದ, ತೂಕ, ಮೈಯಲ್ಲಿ ಕೂಡಿಟ್ಟ ಕೊಬ್ಬನ್ನು ಗುರುತಿಸಿ, ಉಂಗುರ ತೊಡಿಸಿ ಬೇಗನೆ ಬಿಟ್ಟುಬಿಡುತ್ತಾರೆ. ಮಳೆ ಬಂದರೆ ಬಲೆಯನ್ನು ಮಡಚಿಡುತ್ತಾರೆ.

ಅರಣ್ಯ ಇಲಾಖೆಯು ಶಿರಸಿಯ ಅರಣ್ಯ ಮಹಾವಿದ್ಯಾಲಯ ಮತ್ತು ಕುವೆಂಪು ವಿಶ್ವವಿದ್ಯಾಲಯಗಳ ನೆರವು ಪಡೆದು ಇಂತಹ ಕೇಂದ್ರವನ್ನು ಆರಂಭಿಸಬೇಕೆಂದು ಕೋರುತ್ತೇನೆ. ಓದುಗರಲ್ಲೂ ಒಂದು ವಿನಂತಿ: ಉಂಗುರವಿರುವ ಹಕ್ಕಿ ಸಿಕ್ಕರೆ ಸಂಖ್ಯೆ, ದಿನಾಂಕ, ಸ್ಥಳವನ್ನು ಬರೆದುಕೊಂಡು, ಚಿತ್ರ ತೆಗೆದು, ಉಂಗುರದ ಮೇಲೆ ನಮೂದಿಸಿದ ಸಂಸ್ಥೆಗೆ ತಿಳಿಸಿ. ಹಕ್ಕಿ ಜೀವಂತವಾಗಿದ್ದರೆ ಉಂಗುರವನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ.

– ಓದುಗ, ಸಾಗರ